ಮಗುವಿಗೆ ಎರಡು ಪಾಸ್‌ಪೋರ್ಟ್: ಏಜೆಂಟ್ ಮಾತು ಕೇಳಿ ಸಹಿ ಹಾಕಬೇಡಿ

ಬೆಳಗಾವಿಯಲ್ಲಿ ಪಾಸ್‌ಪೋರ್ಟ್, ಪೌರತ್ವದ ಕಾಗದಪತ್ರ ನೋಡುವ ವಕೀಲ ನಾನು. ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಈ ಸಲ ಅದೊಂದನ್ನು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಮಗ, ಸೊಸೆ ಕೆನಡಾದ ಟೊರೊಂಟೊದಲ್ಲಿ ವರ್ಕ್ ಪರ್ಮಿಟ್ ಮೇಲಿದ್ದಾರೆ. ಇಬ್ಬರದ್ದೂ ಭಾರತದ ಪಾಸ್‌ಪೋರ್ಟ್. ನಾಲ್ಕು ತಿಂಗಳ ಹಿಂದೆ ಮೊಮ್ಮಗ ಹುಟ್ಟಿದ, ಅವನಿಗೆ ಕೆನಡಾ ಪಾಸ್‌ಪೋರ್ಟ್ ಬಂದಿದೆ. 'ಭಾರತದ್ದೂ ಮಾಡಿಸಿಬಿಡಿ, 18 ವರ್ಷದವರೆಗೆ ಎರಡೂ ನಡೆಯುತ್ತವೆ, ಆಮೇಲೆ ಒಂದನ್ನು ಬಿಟ್ಟರಾಯಿತು' ಅಂತ ಏಜೆಂಟ್ ಹೇಳುತ್ತಾನೆ. ಮಾಡಿಸಲೇ? ಊರಲ್ಲಿ ಎಂಟು ಎಕರೆ ಕಬ್ಬಿನ ಹೊಲ ಇದೆ. ಅದು ಅವನಿಗೇ ಹೋಗಬೇಕು ಅಂತ ನನ್ನ ಆಸೆ. (ಗೋಕಾಕ)

ಉತ್ತರ: ಮಾಡಿಸಬೇಡಿ.

ಏಜೆಂಟ್ ಹೇಳಿದ 18 ವರ್ಷದ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಪೌರತ್ವ ಕಾಯ್ದೆ 1955ರ 4ನೇ ಕಲಂನಲ್ಲಿ ಅಂಥದ್ದೊಂದು ಸಾಲು ಇದೆ. ವಿದೇಶದಲ್ಲಿ ಹುಟ್ಟಿ ಭಾರತದ ಪೌರನಾದ ಮಗುವಿಗೆ ಇನ್ನೊಂದು ದೇಶದ ಪೌರತ್ವವೂ ಇದ್ದರೆ, ವಯಸ್ಸಿಗೆ ಬಂದ ಆರು ತಿಂಗಳೊಳಗೆ ಆ ದೇಶದ ಪೌರತ್ವ ಬಿಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ಏಜೆಂಟರು ಈ ಅರ್ಧ ಮಾತ್ರ ಓದಿಕೊಂಡಿದ್ದಾರೆ. ಅದೇ ಕಲಂನ ಉಳಿದರ್ಧ ಯಾರೂ ಹೇಳುವುದಿಲ್ಲ. 2004ರ ಡಿಸೆಂಬರ್ 3ರ ನಂತರ ವಿದೇಶದಲ್ಲಿ ಹುಟ್ಟಿದ ಮಗು ಭಾರತದ ಪೌರ ಆಗಬೇಕಾದರೆ, ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನೋಂದಣಿ ಮಾಡಿಸುವಾಗ 'ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ' ಅಂತ ತಂದೆ ತಾಯಿ ಬರೆದು ಕೊಡಬೇಕು.

ಪೌರತ್ವ ಬೇರೆ, ಪಾಸ್‌ಪೋರ್ಟ್ ಬೇರೆ. ಕೆನಡಾದಲ್ಲಿ ಹುಟ್ಟಿದ್ದರಿಂದ ನಿಮ್ಮ ಮೊಮ್ಮಗ ಅಲ್ಲಿನ ಪೌರ. ಅದು ಯಾರೂ ಅರ್ಜಿ ಹಾಕದೆ ಬಂದದ್ದು. ಅದನ್ನು ನಮ್ಮ ಕಾಯ್ದೆ ಮಗು ದೊಡ್ಡದಾಗುವವರೆಗೆ ಸಹಿಸಿಕೊಳ್ಳುತ್ತದೆ. ಆದರೆ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಆ ಘೋಷಣೆಗೆ ಸಹಿ ಹಾಕಿದರೆ ಅದು ಸುಳ್ಳು. ಪಾಸ್‌ಪೋರ್ಟ್ ಪಡೆಯಲು ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಏಜೆಂಟ್ ಸಹಿ ಹಾಕುವುದಿಲ್ಲ. ಹಾಕುವವರು ನಿಮ್ಮ ಮಗ, ಸೊಸೆ.

ಕಳೆದ ವರ್ಷ ವಿಜಯಪುರ ಕಡೆಯ ಒಬ್ಬ ಅಜ್ಜ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಮೊಮ್ಮಗಳ ಎರಡು ಪಾಸ್‌ಪೋರ್ಟ್ ಸುತ್ತಿಕೊಂಡು ಬಂದಿದ್ದರು. ಎರಡೂ ನೀಲಿ. ಒಂದರ ಮೇಲೆ ಸಿಂಹದ ಲಾಂಛನ, ಇನ್ನೊಂದರ ಮೇಲೆ ಕೆನಡಾದ್ದು. ಕೂಸು ಭಾರತದ ಪಾಸ್‌ಪೋರ್ಟ್ ತೋರಿಸಿ ಮುಂಬೈಯಲ್ಲಿ ಇಳಿದಿತ್ತು. ವಾಪಸ್ ಹೋಗುವಾಗ ವಿಮಾನದ ಕೌಂಟರಿನಲ್ಲಿ ಕೆನಡಾದ ವೀಸಾ ಎಲ್ಲಿ ಅಂತ ಕೇಳಿದರು. ಕೆನಡಾದ ಪೌರರಿಗೆ ಕೆನಡಾ ವೀಸಾ ಕೊಡುವುದಿಲ್ಲ, ಅವರು ಆ ದೇಶದ ಪಾಸ್‌ಪೋರ್ಟ್ ತೋರಿಸಿಯೇ ವಿಮಾನ ಹತ್ತಬೇಕು. ಅದನ್ನು ತೆಗೆದು ತೋರಿಸಿದರು. ಅದರಲ್ಲಿ ಭಾರತದ ವೀಸಾನೂ ಇಲ್ಲ, ಓಸಿಐ ಕಾರ್ಡೂ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇಲ್ಲ. ಹಾಗಾದರೆ ಈ ಕೂಸು ಒಳಗೆ ಬಂದದ್ದು ಹೇಗೆ ಅಂತ ಇಮಿಗ್ರೇಷನ್ ಅಧಿಕಾರಿ ಕೇಳಿದ. ಟಿಕೆಟ್ ಹೋಯಿತು. ದೇಶ ಬಿಡಲು ಬೇಕಾದ ಎಕ್ಸಿಟ್ ಪರ್ಮಿಟ್‌ಗೆ ಎಫ್‌ಆರ್‌ಆರ್‌ಓ, ಅಂದರೆ ವಿದೇಶಿಯರ ನೋಂದಣಿ ಕಚೇರಿ, ಬಾಗಿಲಿಗೆ ಅಲೆದಾಟ. ತಾಯಿ ಕೆಲಸದ ರಜೆ ಮುಗಿದು ಒಬ್ಬಳೇ ವಾಪಸ್ ಹೋದಳು, ಎದೆಹಾಲು ಕುಡಿಯುವ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು. ಆ ಅಜ್ಜ ನನ್ನ ಮೇಜಿನ ಮುಂದೆ ಕೂತು ಕವರ್ ಮಡಚುವುದು, ಬಿಚ್ಚುವುದು ಮಾಡುತ್ತಿದ್ದರು. ಆ ಏಜೆಂಟ್ ಅವರಿಂದ ದುಡ್ಡು ತಗೊಂಡು ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಇಂಥವರ ಬಗ್ಗೆ ನನಗೆ ಮೆತ್ತಗೆ ಬರೆಯಲು ಬರುವುದಿಲ್ಲ.

ನಿಮಗೆ ನಾನು ಹೇಳುವ ದಾರಿ ಇದು: ಕೆನಡಾ ಪಾಸ್‌ಪೋರ್ಟ್ ಇರಲಿ, ಅದರ ಜೊತೆ ಓಸಿಐ ಕಾರ್ಡ್ ಮಾಡಿಸಿ. ಜೀವನಪೂರ್ತಿ ವೀಸಾ ಇಲ್ಲದೆ ಊರಿಗೆ ಬಂದು ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ಮತ ಹಾಕುವಂತಿಲ್ಲ. ವೈದ್ಯಕೀಯ ಸೀಟಿಗೆ ನೀಟ್ ಬರೆಯಬಹುದು, ಆದರೆ 2021ರ ಮಾರ್ಚ್ ಅಧಿಸೂಚನೆ ಪ್ರಕಾರ ಎನ್‌ಆರ್‌ಐ ಸೀಟು ಇಲ್ಲವೇ ಸೂಪರ್‌ನ್ಯೂಮರರಿ (ನಿಗದಿಗಿಂತ ಹೆಚ್ಚುವರಿ) ಸೀಟು ಮಾತ್ರ. ಮುಂದೆ ಊರಿಗೇ ವಾಪಸ್ ಬಂದು ಮಗುವನ್ನು ಇಲ್ಲೇ ಓದಿಸುವ ಯೋಚನೆ ಇದ್ದರೆ ಇದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಈಗ ಹೊಲದ ಮಾತು. ನಿಮ್ಮ ಪತ್ರದ ನಿಜವಾದ ಚಿಂತೆ ಇದೇ ಅಲ್ವಾ? ಒಕ್ಕಲುತನ ಮಾಡದವರು ಹೊಲ ಕೊಳ್ಳುವುದನ್ನು ತಡೆಯುತ್ತಿದ್ದ ಕರ್ನಾಟಕ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ 2020ರಲ್ಲಿ ತೆಗೆದಿದ್ದಕ್ಕೆ 'ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದು' ಅಂತ ಜನ ನಂಬಿದ್ದಾರೆ. ಅದು ರಾಜ್ಯದ ಕಾಯ್ದೆ. ವಿದೇಶದಲ್ಲಿರುವವರಿಗೆ ಕೇಂದ್ರದ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಅಡ್ಡ ಬರುತ್ತದೆ. ಅದರ ಪ್ರಕಾರ ಓಸಿಐ ಕಾರ್ಡಿನವರು ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಎನ್‌ಆರ್‌ಐ ಆಗಿರುವ ನಿಮ್ಮ ಮಗನೂ ಕೊಳ್ಳುವಂತಿಲ್ಲ. ದಾನವಾಗಿ ಪಡೆಯುವಂತೆಯೂ ಇಲ್ಲ. ಹಾಗಾಗಿ ಪ್ರೀತಿಯಿಂದ ಮೊಮ್ಮಗನ ಹೆಸರಿಗೆ ಬಕ್ಷೀಸ್ ಪತ್ರ ಬರೆದುಬಿಡಬೇಡಿ, ಅದು ಮುಂದೆ ತಕರಾರಾಗುತ್ತದೆ. ಆದರೆ ವಾರಸಾ ಮೂಲಕ ಹೊಲ ಬಂದರೆ ಅದಕ್ಕೆ ಅಡ್ಡಿಯಿಲ್ಲ. ಮೃತ್ಯುಪತ್ರ ಬರೆದು ನೋಂದಣಿ ಮಾಡಿಸಿ, ಯಾವ ಸರ್ವೆ ನಂಬರ್ ಯಾರಿಗೆ ಅಂತ ಸ್ಪಷ್ಟವಾಗಿ ಹಾಕಿ. ಹೊಲ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಮೊದಲು ಉತಾರ (ಪಹಣಿ) ಮತ್ತು ಹಳೇ ವಾಟ್ನಿ (ಪಾಲು ವಿಭಾಗ) ಕಾಗದ ತೆಗೆಸಿ ನೋಡಿ. ಪಿತ್ರಾರ್ಜಿತ ಹೊಲದಲ್ಲಿ ನಿಮ್ಮ ಪಾಲಿನಷ್ಟಕ್ಕೆ ಮಾತ್ರ ನೀವು ಬರೆಯಬಹುದು.

ಅಂದಮೇಲೆ ಆ ಎಂಟು ಎಕರೆಗಾಗಿ ಎರಡನೇ ಪಾಸ್‌ಪೋರ್ಟ್ ಬೇಕಾಗಿಯೇ ಇರಲಿಲ್ಲ.

ಪ್ರಶ್ನೆ: ದುಬೈಯಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಪೌರತ್ವ ಸಿಗುತ್ತದಾ? (ಇಳಕಲ್)

ಉತ್ತರ: ಇಲ್ಲ. ಕಾನ್ಸುಲೇಟಿನಲ್ಲಿ ನೋಂದಣಿ ಮಾಡಿಸಿ ಭಾರತದ ಪಾಸ್‌ಪೋರ್ಟ್ ಮಾಡಿಸಿ. ಮಗುವಿನ ವೀಸಾ 120 ದಿನದೊಳಗೆ ಆಗಬೇಕು, ತಡಮಾಡಿದರೆ ದಂಡ ಬೀಳುತ್ತದೆ.

ಪ್ರಶ್ನೆ: ಲಂಡನ್‌ನಲ್ಲಿ ಹೆರಿಗೆ ಆದರೆ ಬ್ರಿಟಿಷ್ ಪಾಸ್‌ಪೋರ್ಟ್ ತಾನಾಗೇ ಬರುತ್ತದೆ ಅಂತಾರೆ. (ತಿಲಕವಾಡಿ, ಬೆಳಗಾವಿ)

ಉತ್ತರ: 1983ರಿಂದ ಆ ನಿಯಮ ಇಲ್ಲ. ತಂದೆ ಅಥವಾ ತಾಯಿ ಬ್ರಿಟಿಷ್ ಪೌರರಾಗಿರಬೇಕು, ಇಲ್ಲವೇ ಅಲ್ಲಿ ಕಾಯಂ ವಾಸದ ಹಕ್ಕು ಪಡೆದಿರಬೇಕು.

ಪ್ರಶ್ನೆ: ಮೊದಲ ಹೆರಿಗೆ ತವರುಮನೆಯಲ್ಲೇ ಆಗಬೇಕು ಅಂತ ಮನೆಯಲ್ಲಿ ಹಠ. ಅಳಿಯ ಅಮೆರಿಕದ ಪೌರ, ಮಗಳು ಭಾರತದವಳು. ಬಾಗಲಕೋಟೆಯಲ್ಲಿ ಹುಟ್ಟಿದರೆ ಮಗುವಿಗೆ ಅಮೆರಿಕದ ಹಕ್ಕು ತಪ್ಪುತ್ತದಾ?

ಉತ್ತರ: ಅದು ಅಳಿಯನ ಮೇಲೆ ನಿಂತಿದೆ. ಮಗು ಹುಟ್ಟುವ ಮೊದಲು ಅವರು ಒಟ್ಟು ಐದು ವರ್ಷ, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲೆ, ಅಮೆರಿಕದಲ್ಲಿ ಇದ್ದಿದ್ದರೆ ಹಕ್ಕು ಇದೆ. ಶಾಲೆ, ಕಾಲೇಜು, ಕೆಲಸದ ದಾಖಲೆ ಈಗಿನಿಂದಲೇ ಕೂಡಿಸಿಡಲಿ. ಮಗಳನ್ನು ತವರಿಗೆ ಕರೆದುಕೊಂಡು ಬನ್ನಿ.

ಪ್ರಶ್ನೆ: ತೊಟ್ಟಿಲಿಗೆ ಹಾಕುವ ದಿನವೇ ಹೆಸರಿಡುತ್ತೇವೆ. ಆಸ್ಪತ್ರೆಯವರು ಅದಕ್ಕೂ ಮೊದಲೇ ಹೆಸರು ಕೇಳುತ್ತಾರೆ, ಏನು ಬರೆಯಲಿ? (ಅಥಣಿ)

ಉತ್ತರ: ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮೂರನ್ನೂ ಹೆರಿಗೆಗೆ ಮೊದಲೇ ನಿಶ್ಚಯಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇಂಗ್ಲಿಷ್ ಅಕ್ಷರದ ಸಮೇತ. ಸುಮ್ನೆ 'ಬೇಬಿ ಬಾಯ್' ಅಂತ ಬರೆಸಿ ಬರಬೇಡಿ. ತಂದೆಯ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಹೇಗಿದೆಯೋ ಹಾಗೇ ಇರಲಿ, ಒಂದು ಅಕ್ಷರವೂ ಬದಲಾಗಬಾರದು. ತೊಟ್ಟಿಲಿನ ದಿನ ಸೋದರತ್ತೆ ಕಿವಿಯಲ್ಲಿ ಕರೆಯುವಾಗಲೂ ಅದೇ ಹೆಸರನ್ನು ಕರೆಯಲಿ.