ಆರ್ಥೊಡಾಕ್ಸ್ ಸಭೆಯವರು ಪೋಪರನ್ನು ಒಪ್ಪಿಕೊಂಡರೆ ಎರಡು ಸಭೆಗಳೂ ಒಂದಾಗುವುದಿಲ್ಲವೇ?

ಆರ್ಥೊಡಾಕ್ಸ್ ಸಭೆಯವರು ಪೋಪರನ್ನು ಒಪ್ಪಿಕೊಂಡುಬಿಟ್ಟರೆ ಸುಮಾರು ಸಾವಿರ ವರ್ಷದ ಒಡಕು ಅಲ್ಲಿಗೆ ಮುಗಿಯುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ನಾನು ಕೋಲಾರದ ಕಥೋಲಿಕ ಕ್ರೈಸ್ತ. ಎರಡೂ ಸಭೆಗಳವರು ಒಂದೇ ಬಲಿಪೀಠದ ಮುಂದೆ ನಿಲ್ಲುವಂತಾಗಲಿ ಎಂಬುದು ನನ್ನ ಪ್ರಾರ್ಥನೆಯೂ ಹೌದು. ಆದರೆ ಸಮಸ್ಯೆ ಅಷ್ಟು ಸರಳವಾಗಿಲ್ಲ. ಮೊದಲ ಸಹಸ್ರಮಾನದಲ್ಲಿ ರೋಮಿನ ಧರ್ಮಾಧ್ಯಕ್ಷರಿಗೆ (ಬಿಷಪರಿಗೆ), ಅಂದರೆ ಪೋಪರಿಗೆ, ಮೊದಲ ಸ್ಥಾನ ಸಲ್ಲುತ್ತಿತ್ತೆಂಬುದನ್ನು ಆರ್ಥೊಡಾಕ್ಸರು ಅಲ್ಲಗಳೆಯುವುದಿಲ್ಲ; 2007ರಲ್ಲಿ ಇಟಲಿಯ ರವೆನ್ನಾದಲ್ಲಿ ಎರಡೂ ಸಭೆಗಳ ಜಂಟಿ ಆಯೋಗ ಒಪ್ಪಿದ ಹೇಳಿಕೆಯಲ್ಲೂ ಈ ಮಾತಿದೆ. ವಿವಾದವಿರುವುದು ಆ ಮೊದಲಿಗರ ಅಧಿಕಾರ ಎಲ್ಲಿಯವರೆಗೆ ಚಾಚುತ್ತದೆ ಎಂಬುದರಲ್ಲಿ.

(ನಮ್ಮ ಕಡೆಯ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ ಬರುವ ಮಲಂಕರ ಆರ್ಥೊಡಾಕ್ಸ್ ವಿದ್ಯಾರ್ಥಿಗಳನ್ನು ಕಂಡು ನೀವು ಕೇಳಿದ್ದರೆ, ಅವರ ಸಭೆ 451ರಲ್ಲಿ ಕ್ಯಾಲ್ಸೆಡನ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆಯನ್ನು ಒಪ್ಪದ ಬೇರೊಂದು ಪರಂಪರೆಗೆ ಸೇರಿದ್ದು. ನಾನಿಲ್ಲಿ ಹೇಳುತ್ತಿರುವುದು ಕಾನ್‌ಸ್ಟಾಂಟಿನೋಪಲ್, ರಷ್ಯಾ, ಗ್ರೀಸ್, ರೊಮೇನಿಯಾ ಮುಂತಾದ ಸಭೆಗಳ ಬಗ್ಗೆ.)

ಕೋಲಾರ ಜಿಲ್ಲೆಯ ನಮ್ಮ ಧರ್ಮಕೇಂದ್ರಗಳು ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿವೆ, ಅಲ್ಲಿನ ಮಹಾಧರ್ಮಾಧ್ಯಕ್ಷರನ್ನು ನೇಮಿಸುವವರು ಪೋಪರು. ಆರ್ಥೊಡಾಕ್ಸರಲ್ಲಿ ಧರ್ಮಾಧ್ಯಕ್ಷರನ್ನು ಆರಿಸುವುದು ಆಯಾ ಸಭೆಯ ಸಿನಡ್, ಅಂದರೆ ಧರ್ಮಾಧ್ಯಕ್ಷರ ಮಂಡಳಿ. ಹೊರಗಿನ ಪೇಟ್ರಿಯಾರ್ಕರು (ಬೇರೆ ಸಭೆಯ ಮುಖ್ಯಸ್ಥರು) ಅದರಲ್ಲಿ ಕೈಹಾಕುವಂತಿಲ್ಲ. 1870ರ ಮೊದಲನೆಯ ವ್ಯಾಟಿಕನ್ ಮಹಾಸಭೆಯು ಪೋಪರಿಗೆ ಪ್ರತಿಯೊಂದು ಸ್ಥಳೀಯ ಸಭೆಯ ಮೇಲೂ ಪ್ರತಿಯೊಬ್ಬ ವಿಶ್ವಾಸಿಯ ಮೇಲೂ ನೇರವಾದ ಅಧಿಕಾರವಿದೆಯೆಂದು ಸಾರಿತು. ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ ಅವರು ತಮ್ಮ ಪೀಠದಿಂದ ಅಂತಿಮವಾಗಿ ಘೋಷಿಸಿದ್ದು ಸಭೆಯ ಸಮ್ಮತಿಯನ್ನು ಕಾಯದೆ ತಾನಾಗಿಯೇ ಬದಲಾಯಿಸಲಾಗದ ತೀರ್ಪಾಗುತ್ತದೆಂದೂ ಹೇಳಿತು. ಆರ್ಥೊಡಾಕ್ಸರು ಇದಕ್ಕೆ ಎದುರಾಗಿ ಅಪೊಸ್ತಲರ ಹೆಸರಿನಲ್ಲಿರುವ ಪುರಾತನ ನಿಯಮಗಳಲ್ಲಿ 34ನೆಯದನ್ನು ಮುಂದಿಡುತ್ತಾರೆ: ಮೊದಲಿಗನನ್ನು ಬಿಟ್ಟು ಉಳಿದವರು ಏನನ್ನೂ ಮಾಡಬಾರದು, ಉಳಿದವರ ಸಮ್ಮತಿಯಿಲ್ಲದೆ ಮೊದಲಿಗನೂ ಮಾಡಬಾರದು. ಪತ್ರದಲ್ಲಿ ತಪ್ಪು ಬೋಧನೆಗೆ ಬೆಂಬಲ ಕೊಟ್ಟರೆಂದು ಪೋಪ್ ಹೊನೋರಿಯಸರನ್ನು 681ರ ಆರನೆಯ ಮಹಾಸಭೆ ಖಂಡಿಸಿತ್ತಲ್ಲವೇ ಎಂದೂ ಅವರು ಕೇಳುತ್ತಾರೆ. ಹೊನೋರಿಯಸರು ಬರೆದದ್ದು ಪತ್ರವೇ ಹೊರತು ಪೀಠದ ಘೋಷಣೆಯಲ್ಲ ಎಂಬ ನಮ್ಮವರ ಉತ್ತರ ಸರಿಯೇ ಇರಬಹುದು, ಆದರೆ ಮಹಾಸಭೆಯೊಂದು ಪೋಪರ ಬಗ್ಗೆ ತೀರ್ಪು ಕೊಟ್ಟಿತೆಂಬ ಸಂಗತಿ ಅದರಿಂದ ಅಳಿಯುವುದಿಲ್ಲ.

ಪವಿತ್ರಾತ್ಮರು ‘ಸುತನಿಂದಲೂ’ ಹೊರಡುತ್ತಾರೆಂದು ವಿಶ್ವಾಸ ಪ್ರಮಾಣಕ್ಕೆ ಪಶ್ಚಿಮದವರು, ಅಂದರೆ ರೋಮಿನ ಕಡೆಯವರು, ಸೇರಿಸಿದ ಮಾತಿನ ಕುರಿತೂ ಭಿನ್ನಾಭಿಪ್ರಾಯವಿದೆ. ಅದೂ ಕೊನೆಗೆ ಹೀಗೆ ಸೇರಿಸುವ ಅಧಿಕಾರ ಯಾರದು ಎಂಬಲ್ಲಿಗೇ ಬಂದು ನಿಲ್ಲುತ್ತದೆ.

ನೀವು ಹೇಳುವಂತಹ ಒಪ್ಪಂದ ಹಿಂದೆ ಆಗಿಯೂ ಇತ್ತು. ತುರ್ಕರ ಭಯದಲ್ಲಿದ್ದ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಎಂಟನೆಯ ಜಾನ್ ತನ್ನ ಧರ್ಮಾಧ್ಯಕ್ಷರೊಡನೆ ಇಟಲಿಗೆ ಬಂದು, 1439ರಲ್ಲಿ ಫ್ಲಾರೆನ್ಸ್‌ನಲ್ಲಿ ಐಕ್ಯಪತ್ರಕ್ಕೆ ಸಹಿ ಹಾಕಿದ. ಎಫೆಸದ ಧರ್ಮಾಧ್ಯಕ್ಷ ಮಾರ್ಕ್ ಸಹಿ ಹಾಕಲು ಒಪ್ಪಲಿಲ್ಲ. ಊರಿಗೆ ಮರಳಿದ ಮೇಲೆ ಜನರೂ ಸನ್ಯಾಸಿಗಳೂ ಮಾರ್ಕರ ಹಿಂದೆ ನಿಂತರು, ಸಹಿ ಹಾಕಿದವರಲ್ಲಿ ಹಲವರು ಹಿಂದೆ ಸರಿದರು. ಸಹಿ ಹಾಕಿದ್ದ ಕೀವ್‌ನ ಧರ್ಮಾಧ್ಯಕ್ಷ ಇಸಿಡೋರ್ 1441ರಲ್ಲಿ ಮಾಸ್ಕೋದಲ್ಲಿ ಪೂಜೆ ನಡೆಸುವಾಗ ಪೋಪರ ಹೆಸರನ್ನು ಹೇಳಿ ಐಕ್ಯಪತ್ರವನ್ನು ಓದಿಸಿದ್ದಕ್ಕೆ, ಅಲ್ಲಿನ ಅರಸ ಎರಡನೆಯ ವಾಸಿಲಿ ಅವರನ್ನು ಹಿಡಿಸಿ ಮಠವೊಂದರಲ್ಲಿ ಬಂಧನದಲ್ಲಿಟ್ಟ. ಪೂಜೆಯಲ್ಲಿ ಯಾರ ಹೆಸರು ಕೇಳುತ್ತದೆ ಎಂಬುದು ಅವರಿಗೆ ಅಷ್ಟು ಮುಖ್ಯವಾಗಿತ್ತು, ಇಂದಿಗೂ ಮುಖ್ಯ: 2018ರಲ್ಲಿ ಉಕ್ರೇನಿನ ಸಭೆಗೆ ಸ್ವಾತಂತ್ರ್ಯ ಕೊಡುವ ವಿಚಾರವಾಗಿ ಮಾಸ್ಕೋ ಸಭೆ ಮುನಿದಾಗ ಕಾನ್‌ಸ್ಟಾಂಟಿನೋಪಲ್ ಪೇಟ್ರಿಯಾರ್ಕರ ಹೆಸರನ್ನು ತನ್ನ ಪೂಜೆಯಿಂದಲೇ ಕೈಬಿಟ್ಟಿತು. 1204ರಲ್ಲಿ ಪಶ್ಚಿಮದ ಧರ್ಮಯೋಧರು ಕಾನ್‌ಸ್ಟಾಂಟಿನೋಪಲನ್ನು ಸೂರೆಗೈದ ನೆನಪು ಮಾಸದಿದ್ದ ಜನಕ್ಕೆ, ಮೇಲಿನವರು ಹಾಕಿದ ಸಹಿ ಬಂಧಕವೆನಿಸದಿದ್ದುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಹಾಗೆಂದು ಏನೂ ಆಗಿಲ್ಲವೆಂದಲ್ಲ. 1054ರಲ್ಲಿ ಪರಸ್ಪರ ಹಾಕಿಕೊಂಡ ಬಹಿಷ್ಕಾರಗಳನ್ನು ಪೋಪ್ ಆರನೆಯ ಪೌಲರೂ ಪೇಟ್ರಿಯಾರ್ಕ್ ಅಥೆನಾಗೊರಸರೂ 1965ರ ಡಿಸೆಂಬರ್ 7ರಂದು ಹಿಂತೆಗೆದುಕೊಂಡರು. ಪೋಪ್ ಎರಡನೆಯ ಜಾನ್ ಪೌಲರು 1995ರಲ್ಲಿ, ತಮ್ಮ ಪದವಿಯ ಸಾರವನ್ನು ಬಿಡದೆ ಅದನ್ನು ನಿರ್ವಹಿಸುವ ಹೊಸ ರೀತಿಯನ್ನು ಒಟ್ಟಾಗಿ ಹುಡುಕೋಣವೆಂದು ಇತರ ಸಭೆಗಳನ್ನು ಕರೆದರು.

ಈ ವಿಚಾರದಲ್ಲಿ ಹೆಚ್ಚು ಬಾಗಬೇಕಾದವರು ನಾವು ಕಥೋಲಿಕರೇ ಎಂಬುದು ನನ್ನ ದೃಢವಾದ ಅಭಿಪ್ರಾಯ. 1870ರ ನಿರ್ಣಯವನ್ನು ರೋಮ್ ಅಳಿಸಿಹಾಕಲಾರದು, ಆದರೆ ಇರುವ ಅಧಿಕಾರವನ್ನು ಬಳಸದಿರಬಲ್ಲದು. ಪೂರ್ವದ ಧರ್ಮಾಧ್ಯಕ್ಷರ ನೇಮಕವನ್ನು ಅವರ ಸಿನಡ್‌ಗಳಿಗೇ ಪೂರ್ತಿಯಾಗಿ ಬಿಡುವೆನೆಂದು ಮೊದಲೇ ಮಾತು ಕೊಡಬಲ್ಲದು. ಆರ್ಥೊಡಾಕ್ಸರೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. 2016ರಲ್ಲಿ ಕ್ರೀಟ್‌ನಲ್ಲಿ ಕರೆದ ಅವರದೇ ಮಹಾಸಭೆಗೆ ಅಂತಿಯೋಕ್ಯ, ರಷ್ಯಾ, ಬಲ್ಗೇರಿಯಾ, ಜಾರ್ಜಿಯಾದ ಸಭೆಗಳು ಬರಲಿಲ್ಲ. ಹೀಗೆ ಸಭೆಸಭೆಗಳ ನಡುವೆ ವ್ಯಾಜ್ಯ ಹುಟ್ಟಿದಾಗ ಕೇಳುವವರು ಯಾರು? 343ರಲ್ಲಿ ಸಾರ್ಡಿಕಾ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಯು ಪದಚ್ಯುತನಾದ ಧರ್ಮಾಧ್ಯಕ್ಷನಿಗೆ ರೋಮಿಗೆ ಮೇಲ್ಮನವಿ ಸಲ್ಲಿಸುವ ಅವಕಾಶ ಕೊಟ್ಟಿತ್ತು. ರೋಮ್ ಒಪ್ಪಿದರೆ ಮರುವಿಚಾರಣೆ ಮಾಡಬೇಕಿದ್ದವರು ನೆರೆಯ ಪ್ರಾಂತದ ಧರ್ಮಾಧ್ಯಕ್ಷರು. ಎರಡೂ ಕಡೆಯವರು ಮಾತು ಶುರುಮಾಡಲು ನನಗೆ ಕಾಣುವ ಅತ್ಯಂತ ಗಟ್ಟಿಯಾದ ನೆಲೆ ಅದು.