ಆಸಿಡ್ ಯಾಕೆ ಹಾಕಿದಿರಿ? ಅಲ್ಲಿಂದ ಶುರು ಮಾಡಿ

ನಮಸ್ಕಾರ ಮೇಡಂ,

ಶಿರಾದಿಂದ ನೀವು ಕಳಿಸಿದ ಇನಾಸಿಟಾಲ್ ಲಿಪಿಡ್‌ಗಳ (ಜೀವಕೋಶದ ಪೊರೆಯಲ್ಲಿರುವ, ಇನಾಸಿಟಾಲ್ ಎಂಬ ಉಂಗುರ ಅಂಟಿದ ಕೊಬ್ಬುಗಳ) ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇದನ್ನು ನಮ್ಮ ಪತ್ರಿಕೆಯಲ್ಲಿ ನೋಡುವ ಆಸೆ ನನಗಿದೆ.

ಮೊದಲ ಪುಟಗಳು ಪಾಠದ ನೋಟ್ಸ್ ಥರ ಇವೆ. ಆರು ಇಂಗಾಲದ ಉಂಗುರ, 3, 4, 5ನೇ ಜಾಗಕ್ಕೆ ಫಾಸ್ಫೇಟ್, ಅದರಿಂದ ಏಳು ಬಗೆ. ಎಲ್ಲ ಸರಿ, ಆದರೆ ಓದುಗರಿಗೆ ಇದು ಯಾಕೆ ಬೇಕು? 1953ರಲ್ಲಿ ವಿಜ್ಞಾನಿಗಳಾದ ಹೋಕಿನ್ ದಂಪತಿ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ನರಗಳು ಸಂದೇಶ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಕೊಟ್ಟರು. ಗುರುತಿಗೆಂದು ಹಾಕಿದ್ದ ವಿಕಿರಣಶೀಲ ರಂಜಕ ಲಿಪಿಡ್‌ಗೆ ಜಾಸ್ತಿ ಸೇರಿತು. ಈ ಲಿಪಿಡ್ ಒಡೆದು ಬರುವ ಐಪಿ3 (ಮೂರು ಫಾಸ್ಫೇಟ್ ಇರುವ ಇನಾಸಿಟಾಲ್ ತುಣುಕು) ಕೋಶದೊಳಗೆ ಕ್ಯಾಲ್ಸಿಯಂ ಬಿಡಿಸುತ್ತದೆ ಅಂತ ಗೊತ್ತಾಗಿದ್ದು 1983ರಲ್ಲಿ. ಮೂವತ್ತು ವರ್ಷದ ಹುಡುಕಾಟವನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ!

ರಾಗಿಯಲ್ಲಿ ಈ ಲಿಪಿಡ್ ಹೇರಳ ಎಂಬ ಮಾತು ತಪ್ಪು. ಅಲ್ಲಿರುವುದು ಫೈಟಿಕ್ ಆಮ್ಲ. ಅದರಲ್ಲೂ ಇನಾಸಿಟಾಲ್ ಇದೆ, ಆರು ಫಾಸ್ಫೇಟ್ ಇವೆ, ಆದರೆ ಕೊಬ್ಬಿನ ಬಾಲ ಇಲ್ಲ. ರಾಗಿ ಮೊಳಕೆ ಕಟ್ಟಿದಾಗ ಕಡಿಮೆಯಾಗುವುದು ಇದೇ ಆಮ್ಲ. ನಮ್ಮ ಸೀಮೆಯ ಉದಾಹರಣೆ ಬೇಕಿದ್ದರೆ ಕಡಲೆಕಾಯಿ ಇದೆ. ಅದರ ಫಾಸ್ಫೊಲಿಪಿಡ್‌ಗಳಲ್ಲಿ ಫಾಸ್ಫಟಿಡೈಲ್ ಇನಾಸಿಟಾಲ್ ಎಂಬ ಇನಾಸಿಟಾಲ್ ಲಿಪಿಡ್ ಇದ್ದೇ ಇರುತ್ತದೆ.

ನಿಮ್ಮ ನಿಜವಾದ ಬರವಣಿಗೆ ಇರುವುದು ಕೊನೆಯ ಪುಟದಲ್ಲಿ, ಲ್ಯಾಬಿನಲ್ಲಿ ಲಿಪಿಡ್ ಹೊರತೆಗೆಯುವ ಕಡೆ. 'ಕ್ಲೋರೋಫಾರ್ಮ್, ಮೆಥನಾಲ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದೆವು' ಅಂತ ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಅಲ್ಲೇ ನಿಲ್ಲಿ. ಫಾಸ್ಫೇಟ್ ಹೆಚ್ಚಿದಷ್ಟೂ ಋಣ ವಿದ್ಯುದಂಶ ಜಾಸ್ತಿ. ಆಮ್ಲ ಇಲ್ಲದಿದ್ದರೆ ಪಿಐಪಿ2 (ಉಂಗುರಕ್ಕೆ ಎರಡು ಫಾಸ್ಫೇಟ್ ಹೆಚ್ಚಾಗಿ ಸೇರಿದ ಲಿಪಿಡ್) ಮೇಲಿನ ನೀರಿನ ಪದರದಲ್ಲೋ, ನಡುವಿನ ಪ್ರೋಟೀನ್ ಪದರದಲ್ಲೋ ಉಳಿದುಬಿಡುತ್ತದೆ. ಆಮ್ಲ ಆ ವಿದ್ಯುದಂಶ ತಗ್ಗಿಸಿ ಅದನ್ನು ಕೆಳಗಿನ ಕ್ಲೋರೋಫಾರ್ಮ್‌ಗೆ ಇಳಿಸುತ್ತದೆ. ಆಮ್ಲ ಅತಿಯಾದರೆ ಲಿಪಿಡ್ಡೇ ಒಡೆಯುತ್ತದೆ. ಈ ಇಕ್ಕಟ್ಟೇ ನಿಮ್ಮ ಕಥೆ, ಅಲ್ವಾ?

ಇನ್ನೊಂದು. 'ಮಾಸ್ ಸ್ಪೆಕ್ಟ್ರೋಮೀಟರ್ ಎಲ್ಲವನ್ನೂ ಬೇರ್ಪಡಿಸುತ್ತದೆ' ಎಂಬ ಸಾಲು ತೆಗೆಯಿರಿ. ಆ ಯಂತ್ರ ಅಳೆಯುವುದು ಅಣುಗಳ ತೂಕವನ್ನು. ಕೊಬ್ಬಿನ ಬಾಲ ಒಂದೇ ಆಗಿದ್ದರೆ, ಫಾಸ್ಫೇಟ್ 3ರಲ್ಲಿರಲಿ, 4ರಲ್ಲಿರಲಿ, 5ರಲ್ಲಿರಲಿ, ತೂಕ ಒಂದೇ. ತೂಕ ನೋಡಿ ಜಾಗ ಹೇಳಲು ಆಗುವುದಿಲ್ಲ. ಅದಕ್ಕೇ ಮೊದಲು ಕ್ರೊಮ್ಯಾಟೋಗ್ರಫಿಯಲ್ಲಿ, ಅಂದರೆ ಮಿಶ್ರಣದ ಅಣುಗಳನ್ನು ಬೇರೆ ಬೇರೆ ವೇಗದಲ್ಲಿ ಸಾಗುವಂತೆ ಮಾಡಿ, ಬೇರ್ಪಡಿಸಬೇಕಾಗುತ್ತದೆ.

ತುಮಕೂರಿಗೆ ಬಂದಾಗ ಕಚೇರಿಗೆ ಬನ್ನಿ, ಕೂತು ಮಾತಾಡೋಣ. ಬರುವಾಗ ನಿಮ್ಮ ಲ್ಯಾಬ್ ನೋಟ್‌ಬುಕ್ ತನ್ನಿ.

ಸಂಪಾದಕ