ನೀರಿನ ಬಾಟಲಿ ಖಾಲಿಯಾಗಿ ಬಂತಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬೇಸಿಗೆ ಶಿಬಿರದ ಬಗ್ಗೆಯೇ. ಮಾರ್ಚ್ ಬಂತೆಂದರೆ ಹೀಗೇ. ಮಕ್ಕಳಿಗೆ ಪರೀಕ್ಷೆಯ ಚಿಂತೆ, ಅಪ್ಪ ಅಮ್ಮಂದಿರಿಗೆ ರಜೆಯ ಚಿಂತೆ. ನಾನು 26 ವರ್ಷ ಮೈಸೂರಿನಲ್ಲಿ ಪ್ರೈಮರಿ ಟೀಚರ್ ಆಗಿದ್ದವಳು, ಅದರಲ್ಲಿ 11 ಬೇಸಿಗೆ ಶಿಬಿರವನ್ನೂ ನಡೆಸಿದವಳು. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆ ಬೋಗಾದಿ ರಿಂಗ್ ರೋಡಿನ ಆಚೆ, ಹೊಸ ಬಡಾವಣೆಯಲ್ಲಿ. ಯಜಮಾನರಿಗೆ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ. ನಾನು ಆಫೀಸಿಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವುದು ಆರು ಗಂಟೆಗೆ. ಮಗಳಿಗೆ 9, ಮಗನಿಗೆ 5. ಪೇಪರ್ ಜೊತೆ ಬಂದ ಎರಡು ಪಾಂಪ್ಲೆಟ್ ಮುಂದಿಟ್ಟುಕೊಂಡು ಕೂತಿದ್ದೇನೆ. ಒಂದು ಶಿಬಿರ 15 ದಿನ, ಬೆಳಿಗ್ಗೆ 10ರಿಂದ 1, 22 ಚಟುವಟಿಕೆ, ತಲೆಗೆ 3,500 ರೂಪಾಯಿ. ಇನ್ನೊಂದು ಪ್ಲೇಹೋಮ್‌ನವರದ್ದು, ಬೆಳಿಗ್ಗೆ 9ರಿಂದ ಸಂಜೆ 6, ತಿಂಗಳಿಗೆ 7,000. ಪಕ್ಕದ ಮನೆಯವರು ರಂಗಾಯಣಕ್ಕೇ ಹಾಕಿ ಅಂತಾರೆ. ಅತ್ತೆ ಕೆ.ಆರ್. ಪೇಟೆ ಹತ್ತಿರದ ನಮ್ಮ ಊರಿಗೆ ಕಳಿಸಿ ಅಂತಾರೆ. ರಜೆಯಲ್ಲೂ ಮಕ್ಕಳನ್ನು ಬಿಟ್ಟು ಹೋಗುತ್ತೇನಲ್ಲ ಅಂತ ಮನಸ್ಸಿಗೆ ಚುಚ್ಚುತ್ತದೆ. ಏನು ಮಾಡಲಿ?

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡೋಣ. ನಿಮಗೆ ಬೇಕಾಗಿರುವುದು ಶಿಬಿರ ಅಲ್ಲಮ್ಮ, ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರು. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆ ಯಾಕೆ? ನನ್ನ ಶಿಬಿರಕ್ಕೆ ಬರುತ್ತಿದ್ದ ತಾಯಂದಿರಲ್ಲಿ ಅರ್ಧ ಜನ ಕೆಲಸಕ್ಕೆ ಹೋಗುವವರೇ. ಆದರೆ ಎಲ್ಲರೂ 'ಮಗುವಿನ ಪ್ರತಿಭೆ ಬೆಳೀಲಿ ಅಂತ' ಎನ್ನುತ್ತಿದ್ದರು. ಹಾಗೆ ಅಂದುಕೊಂಡ ಕೂಡಲೇ ಲೆಕ್ಕ ತಪ್ಪುತ್ತದೆ. ಪ್ರತಿಭೆ ಹುಡುಕಿಕೊಂಡು ಹೋದವರು ಪಾಂಪ್ಲೆಟ್ ನೋಡುತ್ತಾರೆ. ನೋಡಿಕೊಳ್ಳುವವರು ಬೇಕು ಅಂತ ಹೋದವರು ಜಾಗ ನೋಡುತ್ತಾರೆ, ಜನ ನೋಡುತ್ತಾರೆ.

ಮೊದಲು ದಿನದ ಲೆಕ್ಕ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಹತ್ತಿರ ಹತ್ತಿರ ಏಳು ವಾರ. 15 ದಿನದ ಶಿಬಿರ ಮುಗಿದ ಮೇಲೆ? ಅದು ನಡೆಯುವ ದಿನಗಳಲ್ಲಾದರೂ ಒಂದು ಗಂಟೆಯಿಂದ ಆರರವರೆಗೆ? ಬೀಗ ಹಾಕಿದ ಮನೆ ಮುಂದೆ ಇಬ್ಬರು ಮಕ್ಕಳು, ಇಲ್ಲದಿದ್ದರೆ ಪಕ್ಕದ ಮನೆ ಸೋಫಾ ಮೇಲೆ ಮೊಬೈಲು. ಮೊದಲ ಪಾಂಪ್ಲೆಟ್ ನಿಮ್ಮ ಮನೆಗೆ ಹೊಂದುವುದಿಲ್ಲ. ಅದು ಎಷ್ಟೇ ಚೆನ್ನಾಗಿರಲಿ, ಪಕ್ಕಕ್ಕಿಡಿ.

ಹಾಗಂತ ಅದು ಅಷ್ಟು ಚೆನ್ನಾಗಿರುವುದೂ ಅನುಮಾನ. ದಿನಕ್ಕೆ ಮೂರು ಗಂಟೆಯಂತೆ 15 ದಿನಕ್ಕೆ 45 ಗಂಟೆ. ದಿನಾ ಅರ್ಧ ಗಂಟೆ ತಿಂಡಿಗೆ ಹೋಯಿತು. ಕೊನೆಯ ಎರಡು ದಿನ ಸಮಾರೋಪದ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋಯಿತು. ಉಳಿದದ್ದನ್ನು 22ಕ್ಕೆ ಹಂಚಿದರೆ ಒಂದೊಂದಕ್ಕೆ ಪೂರ್ತಿ ಒಂದೂವರೆ ಗಂಟೆಯೂ ಇಲ್ಲ. ನಾನೂ ಒಂದು ವರ್ಷ ಆಸೆಗೆ ಬಿದ್ದು 'ಮಡಕೆ ಮಾಡುವ ಕಲೆ' ಅಂತ ಅಚ್ಚು ಹಾಕಿಸಿದ್ದೆ. ಬಂದ ಕುಂಬಾರರು ಒಬ್ಬರು, ಅವರು ತಂದ ತಿಗರಿ ಒಂದು, ಮಕ್ಕಳು 40. ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕಿರಬೇಕು. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಂತು ಒಬ್ಬರ ಬೆನ್ನಿಗೆ ಒಬ್ಬರು ಜೇಡಿಮಣ್ಣು ಮೆತ್ತಿದರು. ಮರುದಿನ ಅಮ್ಮಂದಿರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ರಂಗಾಯಣದ ಚಿಣ್ಣರ ಮೇಳ ಬೇರೆ ಮಾತು. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಸಂಸ್ಥೆ ಅದು. ಕಲಾಮಂದಿರದ ಆವರಣದ ಮರಗಳ ನೆರಳಲ್ಲಿ ಮಕ್ಕಳು ಹೆಚ್ಚುಕಡಿಮೆ ಒಂದು ತಿಂಗಳು ಹಾಡಿ, ಕುಣಿದು, ಮುಖವಾಡ ಮಾಡಿ, ಕೊನೆಗೆ ತಂಡ ತಂಡವಾಗಿ ನಾಟಕ ಆಡುತ್ತಾರೆ. ಒಂದೇ ಕೆಲಸದ ಸುತ್ತ ಅಷ್ಟು ದಿನ ಇರುವುದೇ ಅದರ ಸೊಗಸು. ನನ್ನ ಮಗನ ಅರ್ಜಿಗೆ ಬೆಳಗಿನ ಜಾವ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಸಾಲಿನಲ್ಲಿ ನಿಂತವಳು ನಾನು. ಆದರೆ ಅದು ದೊಡ್ಡ ಮಕ್ಕಳ ಮೇಳ, 5 ವರ್ಷದವನಿಗೆ ಅಲ್ಲಿ ಜಾಗ ಇಲ್ಲ. ಮಗಳನ್ನು ಒಂದು ಕಡೆ, ಮಗನನ್ನು ಇನ್ನೊಂದು ಕಡೆ ಬಿಟ್ಟು ಕರೆತರುವವರು ಯಾರು? ನಿಮ್ಮ ಯಜಮಾನರ ಶಿಫ್ಟು ಹೊಂದುವ ವರ್ಷ ನೋಡಿಕೊಳ್ಳಿ. ಅವಳಿಗಿನ್ನೂ 9 ತಾನೇ.

ಇನ್ನು ಪ್ಲೇಹೋಮ್. ದುಡ್ಡು ಕಟ್ಟುವ ಮುಂಚೆ ಹೋಗಿ ನೋಡಿ. ಬೆಳಿಗ್ಗೆ ಹತ್ತಕ್ಕೆ ಬೇಡ, ಆಗ ಎಲ್ಲ ಕಡೆಯೂ ಗುಡಿಸಿ ರಂಗೋಲಿ ಹಾಕಿರುತ್ತಾರೆ. ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಮೂರಕ್ಕೆ ಹೋಗಿ. ಮೇಲೆ ಶೀಟು ಹೊದಿಸಿದ್ದರೆ ಕೆಳಗೆ ಐದು ನಿಮಿಷ ಕೂತು ನೋಡಿ. ನಿಮಗೇ ತಲೆ ಚಿಟ್ಟು ಹಿಡಿದರೆ ಮಗುವಿಗೆ ಏನಾಗಬೇಕು? ಸಂಜೆ ಅಶ್ವಿನಿ, ಭರಣಿ ಮಳೆ ಹೊಡೆದರೆ ಶೀಟಿನ ಸದ್ದಿಗೇ ಚಿಕ್ಕವರು ಅಳುತ್ತಾರೆ. ಕರೆಂಟು ಬೇರೆ ಹೋಗಿರುತ್ತದೆ. ಆಗ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ ಅಂತ ಕೇಳಿ.

ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿ ನೋಡಿ. ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಪಾಠ ಕಲಿತದ್ದು ನನ್ನ ಮಗಳ ಮೈಮೇಲೆ. ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಸ್ವಂತ ಶಿಬಿರ ಇನ್ನೂ ಶುರುವಾಗಿರಲಿಲ್ಲ. ಊರಲ್ಲಿ ಒಳ್ಳೆ ಹೆಸರಿದ್ದ ಒಂದು ಶಿಬಿರಕ್ಕೆ ಅವಳನ್ನು ಸೇರಿಸಿದೆ. ಆಗ ಅವಳಿಗೆ 7. ದಿನಾ ಸಂಜೆ ನಗುನಗುತ್ತಾ ಬರುತ್ತಿದ್ದಳು. ಗಾಳಿಪಟ, ಕಾಗದದ ಟೋಪಿ, ಎಲ್ಲ ತಂದು ತೋರಿಸುತ್ತಿದ್ದಳು. ನೀರಿನ ಬಾಟಲಿ ಮಾತ್ರ ಬೆಳಿಗ್ಗೆ ತುಂಬಿಸಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಅಲ್ಲೇ ನೀರು ಕೊಡುತ್ತಾರೇನೋ ಅಂದುಕೊಂಡು ಗಿಡಕ್ಕೆ ಸುರಿಯುತ್ತಿದ್ದೆ. ಏಳನೇ ದಿನ ರಾತ್ರಿ ಉರಿಮೂತ್ರ, ಜ್ವರ. ಡಾಕ್ಟರು ಕೇಳಿದಾಗ ಬಾಯಿಬಿಟ್ಟಳು. ಆ ಟಾಯ್ಲೆಟ್ಟಿನ ಚಿಲಕ ದೊಡ್ಡವರ ಎತ್ತರದಲ್ಲಿತ್ತು. ಅವಳಿಗೆ ಎಟುಕುತ್ತಿರಲಿಲ್ಲ. ಹೊರಗೆ ದೊಡ್ಡ ಹುಡುಗರು ಓಡಾಡುತ್ತಿದ್ದರು. ಹೋಗುವುದೇ ಬೇಡ ಅಂತ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ನೂರು ತಾಯಂದಿರಿಗೆ ಬುದ್ಧಿ ಹೇಳುವ ಟೀಚರು ನಾನು, ವಾರವೆಲ್ಲ ಆ ನೀರನ್ನು ದಾಸವಾಳದ ಗಿಡಕ್ಕೆ ಹಾಕಿದ್ದೆ.

ಆವತ್ತಿನಿಂದ ನನ್ನದು ಒಂದೇ ಪರೀಕ್ಷೆ. ಸಂಜೆ ಮಗು ಬಂದಾಗ 'ಇವತ್ತು ಏನು ಕಲಿತೆ' ಅಂತ ಕೇಳುವ ಮೊದಲು ಬಾಟಲಿ ಎತ್ತಿ ನೋಡಿ.

ಜನರ ವಿಷಯ. ಕಲಿಸುವವರು ಕಾಲೇಜು ಹುಡುಗ ಹುಡುಗಿಯರಾದರೆ ತಪ್ಪೇನಿಲ್ಲ, ಮಕ್ಕಳಿಗೆ ಅವರೇ ಇಷ್ಟ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರುವ ಒಬ್ಬ ಹಿರಿಯ ಹೆಂಗಸು ಬೇಕು, ಆಯಾ ಆದರೂ ಸರಿ. ಮಗುವಿಗೆ ಬಿದ್ದು ಪೆಟ್ಟಾದರೆ ಓಡಿಹೋಗುವುದು ಅವರ ಹತ್ತಿರವೇ. ಸಂಜೆ ಗೇಟಿನ ಹತ್ತಿರ ಸುಮ್ನೆ ಹತ್ತು ನಿಮಿಷ ನಿಲ್ಲಿ. ಬಂದವರು ಯಾರು ಅಂತ ನೋಡದೆ, ಕೇಳದೆ ಮಕ್ಕಳನ್ನು ಕಳಿಸುತ್ತಿದ್ದರೆ ಅಲ್ಲಿಂದ ಹಾಗೇ ವಾಪಸ್ ಬನ್ನಿ. 'ಪೋಷಕರು ಮಧ್ಯದಲ್ಲಿ ಬರುವ ಹಾಗಿಲ್ಲ, ಮಕ್ಕಳು ಡಿಸ್ಟರ್ಬ್ ಆಗ್ತಾರೆ' ಅನ್ನುವವರನ್ನೂ ನಾನು ನಂಬುವುದಿಲ್ಲ. ಆಟೋದಲ್ಲಿ ಕಳಿಸುವುದಾದರೆ ಎಷ್ಟು ಮಕ್ಕಳನ್ನು ತುಂಬುತ್ತಾರೆ ಅಂತ ಕಣ್ಣಾರೆ ನೋಡಿ. ರಿಂಗ್ ರೋಡ್ ದಾಟಬೇಕಾದ ಜಾಗಕ್ಕಿಂತ ನಿಮ್ಮ ಬಡಾವಣೆ ಕಡೆಯೇ ಇರುವುದು ಸಿಕ್ಕರೆ ನಾನು ಅದಕ್ಕೇ ವೋಟು ಹಾಕುತ್ತೇನೆ.

ಎಲ್ಲ ಸರಿ ಕಂಡರೆ ಮೊದಲ ನಾಲ್ಕು ವಾರ ಇಬ್ಬರನ್ನೂ ಅಲ್ಲಿ ಬಿಡಿ. ಮಗಳಿಗೆ ಚಿಕ್ಕ ಮಕ್ಕಳ ಮಧ್ಯೆ ಬೇಜಾರಾಗಬಹುದು, ಬ್ಯಾಗಿಗೆ ನಾಲ್ಕು ಕಥೆ ಪುಸ್ತಕ ಹಾಕಿ. ಡಬ್ಬಿಗೆ ಕಾಯಿ ಚಟ್ನಿ ಬೇಡ, ಈ ಸೆಕೆಗೆ ಮಧ್ಯಾಹ್ನಕ್ಕೆ ಹಳಸುತ್ತದೆ. ಮೊಸರನ್ನ ಕಳಿಸುವುದಾದರೆ ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಹಾಕಿ ಕಲಸಿ, ಮೇಲೆ ಒಂದು ಚಮಚ ಮೊಸರು. ಊಟದ ಹೊತ್ತಿಗೆ ಹದವಾಗಿರುತ್ತದೆ, ಹುಳಿ ಬರುವುದಿಲ್ಲ.

ಉಳಿದ ಮೂರು ವಾರ ಅತ್ತೆಯ ಹತ್ತಿರ ಕಳಿಸಿ. ಅವರಾಗಿ ಕರೆಯುತ್ತಿದ್ದಾರೆ, ಬಿಡಬೇಡಿ. ಬಾವಿ, ಕಾಲುವೆ, ಪಂಪ್‌ಸೆಟ್ಟಿನ ವೈರು, ಈ ಮೂರರ ಬಗ್ಗೆ ಮಾತ್ರ ಮಾವನವರಿಗೆ ಒಂದು ಮಾತು ಹೇಳಿ. ಅತ್ತೆಗೆ ಹೇಳಿದರೆ 'ನಾವೇನು ಮಕ್ಕಳನ್ನ ಸಾಕಿಲ್ವಾ' ಅಂದಾರು!

ಪ್ರಶ್ನೆ: ಮಂಡ್ಯದಿಂದ ಬರೆಯುತ್ತಿದ್ದೇನೆ. ಮಗನಿಗೆ 10 ವರ್ಷ. ಬೇರೆ ಯಾವ ಶಿಬಿರವೂ ಬೇಡ, ಈಜು ಮಾತ್ರ ಅಂತ ಹಠ. 21 ದಿನದಲ್ಲಿ ಈಜು ಗ್ಯಾರಂಟಿ ಅಂತ ಬೋರ್ಡ್ ಹಾಕಿದ್ದಾರೆ. ಸೇರಿಸಲೇ?

ಉತ್ತರ: ಸೇರಿಸಿ ಸ್ವಾಮಿ. ಮಗು ತಾನಾಗಿ ಒಂದೇ ಒಂದು ಕೇಳಿದರೆ ಅದನ್ನು ಕೊಡುವುದು ಒಳ್ಳೆಯದು. ಕೋಚ್ ಒಬ್ಬರಿಗೆ ಎಷ್ಟು ಮಕ್ಕಳು ಅಂತ ಕೇಳಿ. ಮೊಬೈಲ್ ನೋಡುತ್ತಾ ದಡದಲ್ಲಿ ಕೂರುವ ಕೋಚ್ ಆದರೆ ಬೇಡ. ಕಲಿಯುವವರ ಕಡೆ ನೀರು ಮಗನ ಎದೆಮಟ್ಟಕ್ಕಿಂತ ಮೇಲಿರಬಾರದು. ನೀರಿನ ತಳ ಕಾಣದಿದ್ದರೂ ಬೇಡ.

ಆದರೆ ಆ 'ಗ್ಯಾರಂಟಿ' ಶಬ್ದ ನನಗೆ ಹೆದರಿಕೆ ಹುಟ್ಟಿಸುತ್ತದೆ. 21 ದಿನಕ್ಕೆ ಹುಡುಗ ಕೊಳದ ಈ ತುದಿಯಿಂದ ಆ ತುದಿಗೆ ಹೋಗಬಹುದು. ಅಷ್ಟಕ್ಕೇ ಅವನಿಗೆ ಈಜು ಬಂತು ಅಂತ ಅವನೂ ಅಂದುಕೊಳ್ಳುತ್ತಾನೆ, ನೀವೂ ಅಂದುಕೊಳ್ಳುತ್ತೀರಿ. ನಿಮ್ಮೂರಲ್ಲಿ ವಿ.ಸಿ. ನಾಲೆ ಇದೆ. ಹಿಂದೆ ಇರ್ವಿನ್ ನಾಲೆ ಅನ್ನುತ್ತಿದ್ದದ್ದು. ಕನ್ನಂಬಾಡಿಯಿಂದ ನೀರು ಬಿಟ್ಟಾಗ ಮೇಲೆ ನೋಡಲು ಎಷ್ಟು ಶಾಂತ! ಒಳಗೆ ಸೆಳೆತ. ಲೈನಿಂಗ್ ಮಾಡಿದ ಕಡೆ ಇಳಿಜಾರು ಗೋಡೆ, ಅದರ ಮೇಲೆ ಪಾಚಿ. ಕೈಗೆ ಹಿಡಿಯಲು ಬೇರಿಲ್ಲ, ಕಲ್ಲಿಲ್ಲ. ಚೆನ್ನಾಗಿ ಈಜುವವರೇ ಹತ್ತಲಾಗದೆ ಸೋತಿದ್ದಾರೆ. ಶಿಬಿರಕ್ಕೆ ಸೇರಿಸುವ ದಿನವೇ ಮಗನನ್ನು ಸ್ಕೂಟರಿನಲ್ಲಿ ನಾಲೆ ಏರಿಗೆ ಕರೆದುಕೊಂಡು ಹೋಗಿ. ಒಂದು ಒಣಗಿದ ಕಡ್ಡಿ ಎಸೆದು ಅದು ಓಡುವ ವೇಗ ತೋರಿಸಿ. ನೂರು ಸಲ ಬೈಯುವುದಕ್ಕಿಂತ ಅದು ಚೆನ್ನಾಗಿ ತಲೆಗೆ ಹೋಗುತ್ತದೆ.

ಪ್ರಶ್ನೆ: ನನಗೆ 74 ವರ್ಷ, ಸರಸ್ವತೀಪುರಂ. ನಮ್ಮ ಕಾಲದಲ್ಲಿ ಈ ಶಿಬಿರ ಗಿಬಿರ ಯಾವುದೂ ಇರಲಿಲ್ಲ. ನಾವು ಬೆಳೆಯಲಿಲ್ಲವೇ?

ಉತ್ತರ: ಬೆಳೆದಿರಿ ಸಾರ್. ಆಗ ಮನೆಯಲ್ಲಿ ಅಜ್ಜಿ ಇದ್ದರು, ಬೀದಿಯಲ್ಲಿ ಕಾರು ಇರಲಿಲ್ಲ, ಪಕ್ಕದ ಸೈಟು ಖಾಲಿ ಇತ್ತು. ನಿಮ್ಮ ಬೀದಿಯ ನಾಲ್ಕು ಮಕ್ಕಳಿಗೆ ದಿನಾ ಸಂಜೆ ಚೌಕಾಬಾರ, ಅಳಗುಳಿಮಣೆ ಹೇಳಿಕೊಡಿ. ಕವಡೆ ನನ್ನ ಹತ್ತಿರ ಇವೆ, ಬೇಕಾದರೆ ಕಳಿಸುತ್ತೇನೆ.

ಪ್ರಶ್ನೆ: ಮಿಸ್, ನಾನು ಶ್ರೀರಂಗಪಟ್ಟಣ. ಎಂಟನೇ ಕ್ಲಾಸ್ ಪರೀಕ್ಷೆ ಮುಗೀತು. ನನಗೆ ಮೈಸೂರು ಜೂ ಕ್ಯಾಂಪಿಗೆ ಹೋಗಬೇಕು. ಅಪ್ಪ ಅಬ್ಯಾಕಸ್‌ಗೆ ದುಡ್ಡು ಕಟ್ಟಿಬಿಟ್ಟಿದ್ದಾರೆ, ಒಂಬತ್ತನೇ ಕ್ಲಾಸಿಗೆ ಉಪಯೋಗ ಆಗುತ್ತೆ ಅಂತಾರೆ. ಅಬ್ಯಾಕಸ್‌ನಲ್ಲಿ ಎಲ್ಲ ನನಗಿಂತ ಚಿಕ್ಕವರು. ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ಮೊದಲು ನಿಮ್ಮಪ್ಪನಿಗೆ ಒಂದು ಮಾತು, ಈ ಪುಟ ಅವರಿಗೂ ತೋರಿಸು. ಸಾರ್, ಒಂಬತ್ತನೇ ಕ್ಲಾಸಿನ ಬೀಜಗಣಿತಕ್ಕೆ ಅಬ್ಯಾಕಸ್ ಮಣಿ ಅಷ್ಟೇನೂ ಸಹಾಯ ಮಾಡುವುದಿಲ್ಲ. ಕಟ್ಟಿದ ದುಡ್ಡನ್ನು ವಾಪಸ್ ಕೇಳಿ ನೋಡಿ, ಕೊಡದಿದ್ದರೆ ಹೋಯಿತು ಅಂದುಕೊಳ್ಳಿ.

ಈಗ ನೀನು ಕೇಳು. ಬರೀ 'ಆಸೆ' ಅಂದರೆ ಅಪ್ಪಂದಿರು ಕರಗುವುದಿಲ್ಲ, ಕೆಲಸ ಮಾಡಿ ತೋರಿಸಬೇಕು. ರಂಗನತಿಟ್ಟು ನಿಮ್ಮ ಮನೆಗೆ ಹತ್ತಿರ ತಾನೇ? ಅದು 1940ರಲ್ಲಿ ಪಕ್ಷಿಧಾಮ ಆಗಿದ್ದು ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನಿಂದ. ಈಗ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುವ ಕಾಲ. ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ಭಾನುವಾರ ಹೋಗು. ಒಂದೇ ಮರ ಆರಿಸಿಕೊ. ಎಷ್ಟು ಗೂಡು, ಯಾವ ಹೊತ್ತಿಗೆ ಹಕ್ಕಿ ಬಂತು, ಕೊಕ್ಕಿನಲ್ಲಿ ಏನಿತ್ತು, ಬರೆದಿಡು. ಅದನ್ನು ಅಪ್ಪನ ಮುಂದಿಡು.

ಜೂ ಶಿಬಿರಕ್ಕೆ ವಯಸ್ಸಿನ ಮಿತಿ ಇರುತ್ತದೆ, ಸೀಟೂ ಕಮ್ಮಿ. ಬೇಗ ಹೋಗಿ ಅಲ್ಲಿಯ ಕಚೇರಿಯಲ್ಲೇ ವಿಚಾರಿಸು. 1892ರಿಂದ ಇರುವ ಮೃಗಾಲಯ, ನೋಡುವುದಕ್ಕೆ ಅಲ್ಲಿ ಏನೂ ಕಮ್ಮಿಯಿಲ್ಲ. ಸೀಟು ಸಿಗದಿದ್ದರೆ ಅಳಬೇಡ. ಕಾರಂಜಿ ಕೆರೆ ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದವರೂ ಬೇಸಿಗೆಯಲ್ಲಿ ಮಕ್ಕಳಿಗೆ ಶಿಬಿರ ಮಾಡುತ್ತಾರೆ, ಅಲ್ಲೂ ಕೇಳು. ಎರಡೂ ಹತ್ತಿರ ಹತ್ತಿರವೇ, ಒಂದೇ ದಿನ ಮುಗಿಯುತ್ತದೆ. ಸೋಮವಾರ, ಮಂಗಳವಾರ ಮಾತ್ರ ಬಸ್ ಹತ್ತಬೇಡ. ಸೋಮವಾರ ಸಂಗ್ರಹಾಲಯಕ್ಕೆ ರಜೆ, ಮಂಗಳವಾರ ಜೂಗೆ.